ಕೊರಮೀನಿನ ಮರಿಗೆ ಕೆಂಪು ಬಂದದ್ದು

ಹಿನ್ನೀರು ಇನ್ನೂ ಹೊಸದಾಗಿದ್ದ ಕಾಲ. ಕಲ್ಲುಗುಡ್ಡ, ಜಾಲಿಗಿಡ, ಬಿಸಿಲು ಬಿಟ್ಟರೆ ಬೇರೇನೂ ಇಲ್ಲದ ಬಯಲಿಗೆ ಹೊಳೆ ಬಂದು ಕುಳಿತುಬಿಟ್ಟಿತ್ತು. ಆಚೆ ದಡ ಕಾಣದಷ್ಟು ನೀರು. ಆಗ ಮೀನಿಗೂ ಗಾಳಿಗೂ ಮನುಷ್ಯನಿಗೂ ಮಾತುಕತೆಯಿತ್ತು. ಕೇಳಿದರೆ ಉತ್ತರ ಸಿಗುತ್ತಿತ್ತು. ಕೇಳುವವರು ಮಾತ್ರ ಆಗಲೂ ಕಡಿಮೆ.

ಆ ನೀರಿನ ತುಂಬ ಕೊರಮೀನುಗಳಿದ್ದವು. ಹಾವಿನಂಥ ತಲೆ, ಕಪ್ಪು ಮೈ, ಮೂಗಿನ ತುದಿಯಲ್ಲೇ ಸಿಟ್ಟು. ದಡದಲ್ಲಿ ಹುಲುಗಪ್ಪ ಎಂಬ ಗಾಳದವನೂ ಅವನ ಹೆಂಡತಿ ದುರುಗವ್ವನೂ ಇದ್ದರು.

ಬೇಸಿಗೆಯಲ್ಲಿ ನೀರು ಇಳಿದಾಗ ಮೀನುಗಳು ನಡುವಿನ ಮಡುವಿಗೆ ಹೋಗುತ್ತಿದ್ದವು. ಹುಲುಗಪ್ಪ ಹರಗೋಲಿನಲ್ಲಿ ಅಲ್ಲಿಗೇ ಹೋಗುತ್ತಿದ್ದ. ಚಳಿಗಾಲದಲ್ಲಿ ಅವು ಮುಳುಗಿದ ಜಾಲಿಗಿಡಗಳ ಬುಡದಲ್ಲಿ ಮಂಕಾಗಿ ಬಿದ್ದಿರುತ್ತಿದ್ದವು. ಅವನು ಅಲ್ಲೇ ಗಾಳ ಬಿಟ್ಟು ಕೂರುತ್ತಿದ್ದ. ಒಮ್ಮೆ ಸಿಗುತ್ತಿತ್ತು, ಒಮ್ಮೆ ಇಲ್ಲ. ಎರಡಕ್ಕೂ ಅವನ ತಕರಾರಿರಲಿಲ್ಲ.

ಮುಂಗಾರು ಬಂತು. ನೀರು ದಡದ ಹುಲ್ಲಿನವರೆಗೆ ಏರಿತು. ಕೊರಮೀನುಗಳು ಜೋಡಿಜೋಡಿಯಾಗಿ ಹುಲ್ಲಿನೊಳಗೆ ಬಂದು ಮರಿ ಮಾಡಿದವು. ಆಗ ಮರಿಗಳಿಗೆ ಕೆಸರುನೀರಿನದೇ ಬಣ್ಣ, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹುಲುಗಪ್ಪ ಗಾಳಕ್ಕೆ ಕಪ್ಪೆ ಸಿಕ್ಕಿಸಿ ಹುಲ್ಲಿನ ಕಡೆ ಎಸೆದ. ಎಸೆದ ಕೂಡಲೇ ಮೀನು. ಮತ್ತೆ ಎಸೆದ, ಮತ್ತೆ ಮೀನು.

"ಎಷ್ಟು ಹಸಿದಾವ ನೋಡು," ಎಂದ ಹೆಂಡತಿಗೆ.

ಮೀನು ಕೊಯ್ಯುತ್ತಿದ್ದ ದುರುಗವ್ವ ಹೇಳಿದಳು, "ಹಸದಿದ್ರ ನುಂಗತಿದ್ವು. ಇವು ಬರೇ ಕಚ್ಚ್ಯಾವ."

ಹುಲುಗಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಬುಟ್ಟಿ ತುಂಬುವಾಗ ಯಾರು ಹಾಕಿಕೊಳ್ಳುತ್ತಾರೆ? ಅಪ್ಪ ಅಮ್ಮ ಇಲ್ಲದ ಮರಿಗಳನ್ನು ಕಪ್ಪೆ, ಕೊಕ್ಕರೆ, ನೀರುಹಾವು ಎಲ್ಲ ಸೇರಿ ತಿಂದು ಮುಗಿಸಿದವು.

ಮಾರನೆಯ ವರ್ಷ ಮಡುವಿನಲ್ಲಿ ಮೀನಿಲ್ಲ, ಜಾಲಿಯ ಬುಡದಲ್ಲೂ ಇಲ್ಲ. ಮತ್ತೆ ಮಳೆಗಾಲ ಬಂದಾಗ ದುರುಗವ್ವ ಹೆತ್ತಳು. ಬಾಣಂತಿ ಮನೆ ಎಂದು ಹುಲುಗಪ್ಪ ಹೊಸ್ತಿಲಿಗೆ ಕೆಮ್ಮಣ್ಣು ಬಳಿದ. ಅದು ಅವರ ವಾಡಿಕೆ. ಆ ಕೆಂಪು ಕಂಡರೆ ಊರಿನ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಆದರೆ ಬಾಣಂತಿಗೆ ಹಾಲಿಲ್ಲ. ಕೂಸು ಅತ್ತು ಅತ್ತು ಸೊರಗಿತು. ಕೊರಮೀನಿನ ಸಾರು ಕುಡಿಸಿದರೆ ಹಾಲು ಬರುತ್ತದೆ ಎಂದರು ಹಿರಿಯರು.

ಹುಲುಗಪ್ಪ ಗಾಳಿಯನ್ನು ಕೇಳಿದ, "ಮೀನು ಎಲ್ಲಿ ಹೋದ್ವು?"

"ನಿನ್ನ ಬುಟ್ಟಿಗೆ ಹೋದ್ವು," ಎಂದಿತು ಗಾಳಿ. "ಒಂದು ಜೋಡಿ ಉಳದೈತಿ, ಹುಲ್ಲಿನಾಗ."

ಅವನು ಓಡಿದ. ಗಾಳ ಎಸೆಯಲು ಕೈ ಎತ್ತಿದಾಗ ಗಂಡು ಕೊರಮೀನು ತಲೆ ಹೊರಗೆ ಹಾಕಿತು.

"ಎಸಿ. ಕಚ್ಚತೀನಿ. ಮರಿ ಹತ್ರ ಏನು ಬಂದ್ರೂ ಕಚ್ಚೂದ ನನ್ನ ಕೆಲಸ."

"ಇಲ್ಲಿ ಮರಿ ಅದಾವು ಅಂತ ನನಗ ಹ್ಯಾಂಗ ಗೊತ್ತಾಗಬೇಕು?"

"ನಿನ್ನ ಮನಿಗೆ ಕೆಂಪು ಹೊಸ್ತಿಲ ಐತಿ. ನನಗೆಲ್ಲೈತಿ?"

ಕೂಸಿನ ಅಳು ಅಲ್ಲಿಯವರೆಗೂ ಕೇಳುತ್ತಿತ್ತು. ಹುಲುಗಪ್ಪನಿಗೂ ಅಳು ಬಂತು. ಗಾಳ ಸುತ್ತಿಕೊಂಡು ಬರಿಗೈಯಲ್ಲಿ ಮನೆಗೆ ಹೋಗಿ ಎಲ್ಲ ಹೇಳಿದ.

ದುರುಗವ್ವ ಕೂಸನ್ನು ಎದೆಗೆ ಒತ್ತಿಕೊಂಡು ಹೇಳಿದಳು, "ಮಡಕ್ಯಾಗ ಕೆಮ್ಮಣ್ಣು ಉಳದೈತಿ, ಒಯ್ದು ಆ ಹುಲ್ಲಿನಾಗ ಹಾಕು. ಅದೂ ಬಾಣಂತಿ ಮನಿನ."

ಅವನು ಕೆಮ್ಮಣ್ಣು ಕಲಸಿ ಮರಿಗಳ ಮೇಲೆ ಸುರಿದ. ಮರಿಗಳೆಲ್ಲ ಕೆಂಪಾದವು.

"ಅವು ತಮ್ಮ ಪಾಡಿಗೆ ತಾವು ಈಜೂ ಹೊತ್ತಿಗೆ ಈ ಕೆಂಪು ಹೋಗತೈತಿ," ಎಂದಿತು ಮೀನು. "ಆಮ್ಯಾಲ ಜಾಲಿ ಬುಡಕ್ಕ ಬಾ. ಸಿಕ್ಕರ ನಿನ್ನ ನಸೀಬು."

ಆ ಮಳೆಗಾಲವೆಲ್ಲ ನೆರೆಮನೆಯ ಎಮ್ಮೆಯ ಹಾಲು ಕುಡಿದು ಕೂಸು ಹೇಗೋ ಉಳಿಯಿತು. ಚಳಿಗಾಲದಲ್ಲಿ ಜಾಲಿಯ ಬುಡದಲ್ಲಿ ಹುಲುಗಪ್ಪನಿಗೆ ಒಂದು ಮೀನು ಸಿಕ್ಕಿತು. ದುರುಗವ್ವ ಸಾರು ಕುಡಿದಳು.

ಮಗೂ, ಈಗಲೂ ಮಳೆಗಾಲದಲ್ಲಿ ದಡದ ಹುಲ್ಲಿನ ಬಳಿ ತಟ್ಟೆಯಗಲ ಕೆಂಪು ಮರಿಗಳ ಗುಂಪು ನಿನಗೆ ಕಾಣುವುದೂ, ಅದನ್ನು ಕಂಡ ಕೂಡಲೇ ನಿನ್ನಪ್ಪ ಗಾಳ ಸುತ್ತಿಕೊಂಡು ಬಾಣಂತಿ ಮನೆ ದಾಟುವವನ ಹಾಗೆ ಸದ್ದಿಲ್ಲದೆ ಮುಂದೆ ಹೋಗುವುದೂ ಅದಕ್ಕೇ.