ಬೆಳೆಯುವುದು ಮುಗಿಯದ ಗಿಡ

ಬೆಳವಲ ಸೀಮೆಯ ಒಂದು ಸಣ್ಣ ಮಠದಲ್ಲಿ ಪೂಜ್ಯ ಚಿದ್ಘನಾರ್ಯರು ನೆಲೆಸಿದ್ದರು. ಭಕ್ತರ ಬಾಯಲ್ಲಿ ಅವರು ಅಜ್ಜಾರು. ಅಂಗಳದ ಮಳೆಮರದ ಕೆಳಗೆ ಗೋಣಿತಟ್ಟು ಹಾಸಿ, ದಾಸೋಹಕ್ಕೆ ಮೆಂತ್ಯಪಲ್ಲೆಯ ಎಲೆ ಬಿಡಿಸಿ ಸೋಸುತ್ತ ಕೂರುವುದೇ ಅವರಿಗೆ ಪೂಜೆ. ಆ ಮರದ ನೆರಳಲ್ಲಿ ಇಡೀ ಊರು ಪಂಕ್ತಿ ಕೂತು ಉಣ್ಣಬಹುದಿತ್ತು.

ಮಠಕ್ಕೊಂದು ಉದ್ಯಾನ ಬೇಕೆಂದು ಭಕ್ತರು ಮೈಸೂರಿನಲ್ಲಿ ಉದ್ಯಾನಗಳ ನಕ್ಷೆ ಬರೆಯುವ ಲಿಂಗರಾಜೇ ಅರಸರಿಗೆ ಕಾಗದ ಬರೆದರು. ಅದರಲ್ಲಿ ಅಜ್ಜಾರು ಹೇಳಿ ಬರೆಸಿದ್ದು ಒಂದೇ ಸಾಲು: "ಅಂಗಳದಾಗ ಒಂದು ಗಿಡ ಐತಿ, ಅದಕ್ಕ ಜಾಗ ಬಿಡ್ರಿ."

ಅರಸರು ಜಾಗ ನೋಡದೆಯೇ ನಕ್ಷೆಯಲ್ಲಿ ಗಿಡಕ್ಕೆಂದು ಮೂರು ಮೊಳದ ಪಾತಿ ಬಿಟ್ಟರು. ಮಿಕ್ಕ ಅಂಗಳಕ್ಕೆಲ್ಲ ಕಾರಂಜಿ, ಗುಲಾಬಿ ಸಾಲು. ಆರು ತಿಂಗಳು ಕೂತು ಬರೆದ ನಕ್ಷೆ ಅದು. ತಮ್ಮ ಹೆಸರು ಉಳಿಯುವುದು ಅದರಿಂದಲೇ ಎಂದು ನಂಬಿದ್ದರು. ನಕ್ಷೆ ಹಿಡಿದು ಮೊದಲ ಸಲ ಮಠಕ್ಕೆ ಬಂದ ಅರಸರು ಮಳೆಮರದ ಮುಂದೆ ತಲೆಯೆತ್ತಿ ನಿಂತೇಬಿಟ್ಟರು.

"ಬುದ್ಧೀ, ಇದು ಮರ! ಗಿಡ ಅಂತ ಬರೆಸಿದ್ದಿರಲ್ಲ?"

"ನಮ್ಮ ಕಡೆ ಮರಕ್ಕ ಗಿಡ ಅಂತೀವ್ರೀ ಸಾಹೇಬ್ರ," ಎಂದು ಊರವರು ನಕ್ಕರು.

"ಹಾಗಾದರೆ ಆನೆಗೆ ಇಲಿ ಅಂತೀರೇನು?" ಅರಸರು ಸಿಡುಕಿದರು. ನಕ್ಷೆಯ ಒಂದು ಗೆರೆಯನ್ನೂ ಬದಲಿಸಲಾರೆ, ಮರವೇ ಹೋಗಲಿ ಎಂದು ಹಟ ಹಿಡಿದು ಕೊಡಲಿಯವರಿಗೆ ಹೇಳಿಕಳಿಸಿದರು.

ಅಜ್ಜಾರು ತಡೆಯಲಿಲ್ಲ. ಪಲ್ಲೆ ಸೋಸುತ್ತಲೇ ಅಂದರು: "ಬೆಳೆಯೂದು ಮುಗಿದಿದ್ರ ಮರ ಅಂತಿದ್ವಿ, ತಮ್ಮಾ. ಇದು ಇನ್ನೂ ಬೆಳಿಯಾಕತ್ತೈತಿ. ನಿಂದು ಮುಗೀತೇನು?"

ಅರಸರು ಕೊಡಲಿಯವರನ್ನು ಕಾಯುತ್ತ ಮರದ ಬುಡಕ್ಕೆ ಒರಗಿ ಕೂತರು. ಹೊತ್ತು ಇಳಿಯಿತು. ಮೇಲೆ ಎಲೆಗಳು ಒಂದೊಂದಾಗಿ, ಕೈಮುಗಿದಂತೆ ಮಡಿಚಿಕೊಂಡವು. ಅಷ್ಟಗಲದ ಚಪ್ಪರ ಸದ್ದಿಲ್ಲದೆ ತೆರೆದು ಆಕಾಶ ಕೆಳಗಿಳಿದು ಬಂತು. ಸಂಜೆಯ ಬೆಳಕು ಹುಲ್ಲಿನ ಮೇಲೆ ನೀರಿನಂತೆ ಹರಡಿತು. ತಾವು ಕೂತದ್ದು ಮರದಡಿಯೋ ತಿಳಿನೀರಿನ ಕೆರೆಯ ತಳವೋ ಅವರಿಗೆ ತಿಳಿಯದಾಯಿತು. ಇಷ್ಟು ದೊಡ್ಡದಕ್ಕೆ ಸಣ್ಣದಾಗಲು ಬರುತ್ತದೆ. ತಮಗೆ ಒಂದು ಗೆರೆ ಅಳಿಸಲು ಬರಲಿಲ್ಲ. ಅವರ ಕಣ್ಣು ತುಂಬಿತು.

ಕೊಡಲಿಯವರು ಬಂದು ಕೇಳಿದರು: "ಎಲ್ಲಿಂದ ಕಡಿಯೂಣ್ರೀ?"

"ಮೆಲ್ಲಗೆ ಮಾತಾಡ್ರಪ್ಪಾ," ಎಂದರು ಅರಸರು, "ಮಲಗಿದೆ."

ಆ ಅಂಗಳದಲ್ಲಿ ಅವರು ಕೊನೆಗೆ ಮಾಡಿದ್ದು ಇಷ್ಟೇ: ಬೇರು ಬಾಗಿದಲ್ಲೆಲ್ಲ ತಾನೂ ಬಾಗುವ ಒಂದು ಕಾಲುದಾರಿ. ಅದಕ್ಕೆ ಅರಸರ ಹೆಸರಿನ ಕಲ್ಲು ಹಾಕಿಸುತ್ತೇವೆಂದು ಭಕ್ತರು ಬೆನ್ನುಹತ್ತಿದಾಗ, ಅವರು ಬೇಡವೆಂದು ಕೈಯಾಡಿಸಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಆ ದಾರಿಯಲ್ಲೇ ನಡೆದುಹೋದರು.