ಹತ್ತು ಎಲೆಯ ಮನೆ

"ಕೇಳಿರಪ್ಪೋ ಕೇಳಿ! ಮಣಿಗಿರಿಯ ಅರಸುಮಗಳು ಪದ್ಮಲೆ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನು ಅವಳ ಕೈ ಹಿಡಿಯುತ್ತಾನೆ. ಬಾಯಿ ತೆರೆದು ಸೋತವನ ತಲೆ ಹೋಗುತ್ತದೆ. ಮೊದಲನೆಯದು ಇದು: ಹತ್ತೇ ಎಲೆ ಹಿಡಿಯುವ ಮನೆ, ನಲವತ್ತು ಜನ ಉಂಡರು. ಆಳುಗಳಿಲ್ಲ, ಮನೆಯವರು ಸೌಟು ಮುಟ್ಟಲಿಲ್ಲ, ಬಂದವರು ಯಾರೂ ಸುಮ್ಮನೆ ಕಾಯಲಿಲ್ಲ. ಬಡಿಸಿದವರು ಯಾರು?"

ಡಂಗುರದವನು ಊರೂರು ಸುತ್ತಿದ. ಇದಕ್ಕೆಲ್ಲ ಕಾರಣ ಅರಮನೆಯ ಔತಣ. ಸಾಲುಕಂಬದ ಊಟದ ಚಾವಡಿ, ಬೆಳ್ಳಿ ತಟ್ಟೆ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಉಂಡವರು ಕೈ ತೊಳೆದದ್ದೇ ತಡ, ಪಲ್ಲಕ್ಕಿ ಏರಿ ಮಾಯ. ಪದ್ಮಲೆಗೆ ಇದು ಸಾಕಾಗಿತ್ತು. ಒಂದೇ ಕೋಣೆಯ ಮನೆಯಲ್ಲಿ ಬೆಳೆದಿದ್ದ ಅವಳ ದಾದಿ ಈ ಒಗಟುಗಳನ್ನು ಹೇಳಿಕೊಟ್ಟು ತೀರಿಕೊಂಡಿದ್ದಳು. "ನಾಲ್ಕು ಜನರನ್ನು ಕರೆದು ಉಣಿಸಲು ಬಲ್ಲವನನ್ನೇ ಮದುವೆಯಾಗುತ್ತೇನೆ" ಎಂದು ಹುಡುಗಿ ಹಟ ಹಿಡಿದಳು. ತಪ್ಪೇನಿಲ್ಲ, ಅಂಗಡಿ ಇಟ್ಟವನು ನಾನು, ಹೇಳುತ್ತೇನೆ. ಸರಕನ್ನು ಮುಟ್ಟಿ ನೋಡದೆ ಕೊಳ್ಳುವವನು ಅಂಗಡಿಗೆ ಹೋಗಲೇಬಾರದು.

ರಾಜಕುಮಾರರು ಸಾಲುಗಟ್ಟಿದರು. "ಬಡಿಸಿದ್ದು ದೆವ್ವಗಳು" ಎಂದ ಒಬ್ಬ. "ಮಂತ್ರದ ಸೌಟು" ಎಂದ ಇನ್ನೊಬ್ಬ. ಮೂರನೆಯವನು "ಆಳಿಲ್ಲದ ಮನೆಗೆ ಯಾರು ಊಟಕ್ಕೆ ಹೋಗುತ್ತಾರೆ? ಒಗಟೇ ತಪ್ಪು" ಎಂದು ಮೀಸೆ ತಿರುವಿದ. ಎಲ್ಲರನ್ನೂ ಸೆರೆಗೆ ತಳ್ಳಿದರು. ಅಮಾವಾಸ್ಯೆಗೆ ಒಟ್ಟಿಗೆ ಕಡಿದರೆ ಕತ್ತಿಯನ್ನು ಒಂದೇ ಸಲ ಮಸೆದರೆ ಸಾಕೆಂದು ಅರಸ ಲೆಕ್ಕ ಹಾಕಿದ್ದ.

ಡಂಗುರ ಕೌದಿ ಹೊಲಿಯುವವರ ಓಣಿಗೂ ಬಂತು. ಹಳೇ ಸೀರೆಯ ತುಂಡುಗಳನ್ನು ಜೋಡಿಸುತ್ತ ಕೂತಿದ್ದ ಸಂಕಣ್ಣ ಗಟ್ಟಿಯಾಗಿ ನಕ್ಕುಬಿಟ್ಟ. "ಅಯ್ಯೋ, ಇದು ನಮ್ಮ ಮನೆ ಕತೆ!"

ಬಾಯಿ ತೆರೆದಾಗಿತ್ತು. ಡಂಗುರದವನು ಅವನ ರಟ್ಟೆ ಹಿಡಿದು ಅರಮನೆಗೆ ಎಳೆದೊಯ್ದ.

"ಹೇಳು" ಎಂದಳು ಪದ್ಮಲೆ.

"ನೆಂಟರೇ ಬಡಿಸಿದ್ದು, ಅಮ್ಮಣ್ಣಿ. ಮೊದಲ ಪಂಕ್ತಿಗೆ ಜಾಗ ಸಿಗದವರು ಬಡಿಸುತ್ತಾರೆ. ಉಂಡು ಎದ್ದವರು ಮುಂದಿನ ಪಂಕ್ತಿಗೆ ಬಡಿಸುತ್ತಾರೆ. ಸಣ್ಣ ಮನೆಯಲ್ಲಿ ಕೈ ಕಟ್ಟಿ ನಿಲ್ಲೋಕೆ ಜಾಗ ಎಲ್ಲಿದೆ?"

ಅರಸುಮಗಳು ನೆಟ್ಟಗೆ ಕೂತಳು. "ಎರಡನೆಯದು. ಖಾಲಿ ಹೊಟ್ಟೆಯಲ್ಲಿ ಪಕ್ಕದ ಮನೆಗೆ ಹೋಗುತ್ತದೆ, ಬೆಂಕಿಯ ಮೇಲೆ ಕೂತು ದುಡಿಯುತ್ತದೆ, ಕೂಲಿ ಕೇಳುವುದಿಲ್ಲ. ಆದರೆ ಖಾಲಿ ಹೊಟ್ಟೆಯಲ್ಲೇ ಮರಳಿದರೆ ಎರಡು ಮನೆಗೂ ಮುನಿಸು. ಏನದು?"

"ಎರವಲು ತಂದ ಪಾತ್ರೆ. ಹಬ್ಬದ ಅಡುಗೆಗಾಗುವಷ್ಟು ದೊಡ್ಡದು ನಮ್ಮಲ್ಲಿ ಎಲ್ಲಿರುತ್ತೆ? ಕೊಟ್ಟವರಿಗೆ ಪಾಯಸ ಹಾಕಿ ಹಿಂತಿರುಗಿಸಬೇಕು. ಪಾಯಸ ಮುಗಿದಿದ್ದರೆ ಒಂದು ಅಚ್ಚು ಬೆಲ್ಲವಾದರೂ ಇಡಬೇಕು. ಇಲ್ಲದಿದ್ದರೆ ನಮ್ಮವ್ವ ಕಿವಿ ಹಿಂಡುತ್ತಾಳೆ."

"ಮೂರನೆಯದು. ಒಂದು ದಾರಿ, ಅಗಲ ಒಂದು ಗೇಣು. ಬರುವಾಗ ಒಂದೇ ಹೆಜ್ಜೆಗೆ ಮುಗಿಯುತ್ತದೆ. ಹೋಗುವಾಗ ಎಷ್ಟು ಹೊತ್ತಾದರೂ ಮುಗಿಯುವುದಿಲ್ಲ. ಯಾವುದದು?"

ಸಂಕಣ್ಣ ತಲೆ ಕೆರೆದ. ಹೊಳೆಯಲಿಲ್ಲ. "ಅಮ್ಮಣ್ಣಿ, ನಾಳೆ ನಮ್ಮ ತಂಗಿ ಮಗೂನ ತೊಟ್ಟಿಲಿಗೆ ಹಾಕ್ತೀವಿ. ಊಟಕ್ಕೆ ಓಣಿಯನ್ನೆಲ್ಲ ಕರೆದಾಗಿದೆ. ಅದೊಂದು ಮುಗಿಸಿ ಬಂದು ಉತ್ತರ ಕೊಡ್ತೀನಿ, ಇಲ್ಲವೇ ತಲೆ ಕೊಡ್ತೀನಿ."

"ಓಡಿಹೋದರೆ? ಕಾವಲಿಗೆ ನಾನೇ ಬರುತ್ತೇನೆ" ಎಂದಳು. ತಲೆ ಕಡಿಯುವ ಕೆಂಚಪ್ಪನನ್ನೂ ಕರೆತಂದಳು.

ಮರುದಿನ ಮಧ್ಯಾಹ್ನ ಸಂಕಣ್ಣನ ಒಂದೇ ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಕಣ್ಣನ ತಾಯಿ ನಿಂಗವ್ವನ ಕಣ್ಣು ಅತ್ತು ಕೆಂಪಾಗಿತ್ತು, ಆದರೂ ಸಾರಿಗೆ ಉಪ್ಪು ಹಾಕುವುದನ್ನು ಮರೆತಿರಲಿಲ್ಲ. "ಏನಮ್ಮ, ಕೈ ಕಟ್ಟಿ ನಿಂತೆ? ಮಜ್ಜಿಗೆ ಹಿಡಿ" ಎಂದು ಅರಸುಮಗಳ ಕೈಗೆ ತಂಬಿಗೆ ಕೊಟ್ಟಳು. "ನೀನಪ್ಪ, ಆ ಕತ್ತಿ ಅಟ್ಟಕ್ಕೆ ಹಾಕು, ಮಕ್ಕಳು ಓಡಾಡ್ತವೆ. ಅನ್ನದ ಬುಟ್ಟಿ ಎತ್ತು." ಕೆಂಚಪ್ಪ ಎರಡು ಪಂಕ್ತಿಗೆ ಬಡಿಸಿ ಮೂರನೆಯದಕ್ಕೆ ಕೂತ. ನಿಂಗವ್ವ ಅವನಿಗೆ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿದಳು. "ಉಣ್ಣು, ಉಣ್ಣು. ಹೊಟ್ಟೆ ಭಾರವಾದರೆ ಕೈ ಮೇಲೇಳಲ್ಲ."

ಊಟ ಮುಗಿಯಿತು. ಪದ್ಮಲೆ ಎದ್ದಳು. "ಬರ್ತೀನವ್ವ. ಸಂಕಣ್ಣ, ಹೊರಡು."

ಸಂಕಣ್ಣ ಅಂಗಳಕ್ಕಿಳಿದು ಕಾದ. ಅರಸುಮಗಳು ಬರಲಿಲ್ಲ. ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ ಇಟ್ಟು, "ಅಂದಹಾಗೆ ಆ ಉಪ್ಪಿನಕಾಯಿಗೆ ಏನು ಹಾಕಿದ್ರಿ?" ಎಂದಳು. ನಿಂಗವ್ವ ಹೇಳಿದಳು. "ಬರ್ತೀನಿ ಹಾಗಾದರೆ" ಎಂದವಳು ಮಗುವಿಗೆ ಏನು ಹೆಸರಿಟ್ಟಿರಿ ಎಂದು ಕೇಳಿದಳು. ಹಿಂದೆ ಓಣಿಯವರೆಲ್ಲ "ಬರ್ತೀವಿ, ಬರ್ತೀವಿ" ಎನ್ನುತ್ತ ನಿಂತೇ ಇದ್ದರು. ಬಿಸಿಲು ಇಳಿಯಿತು.

ಸಂಕಣ್ಣ ಅವಳ ಕಾಲನ್ನೇ ನೋಡಿದ. ಮತ್ತೆ ಗಟ್ಟಿಯಾಗಿ ನಕ್ಕ. "ಸಿಕ್ಕಿತು, ಅಮ್ಮಣ್ಣಿ! ಆ ದಾರಿಯ ಮೇಲೆ ನೀವೇ ನಿಂತಿದ್ದೀರಿ. ಹೊಸ್ತಿಲು! ಚೆನ್ನಾಗಿ ಉಂಡ ಮನೆಯ ಹೊಸ್ತಿಲು. ನಾನು ಯಾವಾಗಲೂ ಒಳಗೆ ನಿಂತು ಕಳಿಸಿಕೊಡುವವನು, ಹೊರಗೆ ನಿಂತು ಕಾದದ್ದು ಇವತ್ತೇ."

ಪದ್ಮಲೆ ಬಗ್ಗಿ ನೋಡಿಕೊಂಡಳು. "ದಾದಿ ಹೇಳಿದ್ದಳು, ನಾನು ನಂಬಿರಲಿಲ್ಲ" ಎಂದು ನಕ್ಕಳು. ಕೆಂಚಪ್ಪನಿಗೆ ಅಟ್ಟದ ಮೇಲಿನ ಕತ್ತಿ ಆಗ ನೆನಪಾಯಿತು, ಆದರೆ ಹತ್ತಲು ಮೈ ಏಳಲಿಲ್ಲ.

ಮದುವೆಯ ಊಟವೂ ಆ ಮನೆಯಲ್ಲೇ ಆಗಬೇಕೆಂದಳು ಅರಸುಮಗಳು. ಸಂಕಣ್ಣ ಸೆರೆಯಲ್ಲಿದ್ದ ರಾಜಕುಮಾರರನ್ನು ಬಿಡಿಸಿಕೊಂಡ. ಪುಕ್ಕಟೆ ಅಲ್ಲ: ಒಬ್ಬನ ಕೈಗೆ ಸಾರು, ಒಬ್ಬನ ಕೈಗೆ ಪಲ್ಯ, ಮೀಸೆಯವನ ಕೈಗೆ ನೀರಿನ ಕೊಡ. ಮೊದಲ ಪಂಕ್ತಿಯಲ್ಲಿ ಉಂಡ ಅರಸ ಪಲ್ಲಕ್ಕಿ ತರಿಸಿ, "ಇನ್ನು ಬರ್ತೀನಿ, ಬೀಗಿತಿಯವರೇ" ಎಂದು ಹೊಸ್ತಿಲ ಮೇಲೆ ಕಾಲಿಟ್ಟ.

ಪಲ್ಲಕ್ಕಿಯವರು ಇನ್ನೂ ಕಾಯುತ್ತಿದ್ದಾರಂತೆ. ಅವರು ಕಾಯಲಿ. ಕತೆ ಮುಗಿಯಿತು, ನಾವು ಅಂಗಡಿ ತೆಗೆಯೋಣ.