ಜಿಂಗಿಯ ಸೀಳು ಕಿವಿ

ಬನ್ನಿ ಮಕ್ಕಳೇ, ಗೋಡೆಗೆ ಒರಗಿ ಕೂತು ಕೇಳಿ. ಟಿ.ವಿ.ಯಲ್ಲಿ ಮಕ್ಕಳನ್ನು ನಗಿಸುತ್ತಿದ್ದ ಬಟ್ಟೆಯ ಮೇಕೆ ಗೊಂಬೆ ಜಿಂಗಿಗೆ ತನ್ನ ಸೀಳು ಕಿವಿಯದೇ ನಾಚಿಕೆ. "ನಾಳೆ ಹೊಲಿಸಿಕೊಂಡುಬಿಡುತ್ತೇನೆ. ಅದಕ್ಕೆ ಮೊದಲು, ಹೀಗೇಕೆ ಮಾಡಿದರೋ ತಿಳಿದು ಬರುತ್ತೇನೆ" ಎಂದು ತನ್ನನ್ನು ಹೊಲಿದ ಸಾತವ್ವನ ಹಿತ್ತಿಲಿಗೆ ಹೋಯಿತು. ಅಲ್ಲಿ ಮುದಿ ಮೇಕೆ ಕೆಂಚಿ ಮೆಲುಕು ಹಾಕುತ್ತಿತ್ತು. ಅದರ ಕಿವಿಯಲ್ಲೂ ಅದೇ ಸೀಳು!

"ಅಜ್ಜೀ, ನನ್ನನ್ನು ಮಾಡಿದ್ದು ನಿನ್ನನ್ನು ನೋಡಿಯೇ? ಈ ಹರಕು ಕಿವಿ ಬಿಟ್ಟು ಬೇರೇನೂ ಸಿಗಲಿಲ್ಲವೇ?"

"ಹರಕಲ್ಲ ಕಣೇ ಹುಚ್ಚಿ, ಗುರುತು. ಮನೆಯ ಮರಿಗಳಿಗೆಲ್ಲ ಸಾತವ್ವ ಹೀಗೇ ಕಿವಿ ಸೀಳುತ್ತಾಳೆ. ಮರಿಯಿದ್ದಾಗ ನಾನು ಸಂತೆಯಲ್ಲಿ ಕಂಡವರ ಹಿಂಡಿಗೆ ಸೇರಿಬಿಟ್ಟಿದ್ದೆ. ಈ ಕಿವಿ ನೋಡಿ, 'ಇದು ನಮ್ಮದು' ಅಂತ ಎತ್ತಿಕೊಂಡು ಬಂದಳು. ನಿನಗೂ ಅದನ್ನೇ ಇಟ್ಟಿದ್ದಾಳಲ್ಲ!"

ಜಿಂಗಿ ಕಿವಿ ಹೊಲಿಸಿಕೊಳ್ಳಲಿಲ್ಲ.

ಕೆಂಚಿ ವಯಸ್ಸಾಗಿ ಸಾತವ್ವನ ತೊಡೆಯ ಮೇಲೆಯೇ ಕಣ್ಣು ಮುಚ್ಚಿತು. ಆಮೇಲೆ ಟಿ.ವಿ. ಕಾರ್ಯಕ್ರಮವೂ ನಿಂತು, ಗೊಂಬೆಗಳನ್ನೆಲ್ಲ ಚಿಂದಿಯ ರಾಶಿಗೆ ಎಸೆದರು. ಸುದ್ದಿ ತಿಳಿದು ಬಂದ ಸಾತವ್ವನಿಗೂ ಆಗ ವಯಸ್ಸಾಗಿ ಕಣ್ಣು ಮಂಜು. ಒಂದೊಂದೇ ಗೊಂಬೆಯ ಕಿವಿ ಸವರುತ್ತ ಹೋಗಿ, ಸೀಳು ಕೈಗೆ ಸಿಕ್ಕಿದ್ದೇ "ಇದು ನಮ್ಮದು" ಎಂದಳು. ಈಗ ಜಿಂಗಿ ಕೆಂಚಿಯ ಗೂಟದ ಪಕ್ಕದಲ್ಲೇ ಇದೆ. ಸಾತವ್ವ ಅದರ ಮುಂದೆ ದಿನಾ ಇಡುವ ಸೊಪ್ಪನ್ನು ಕೆಂಚಿಯ ಸೀಳು ಕಿವಿಯ ಮೊಮ್ಮಕ್ಕಳು ತಿಂದು ಮುಗಿಸುತ್ತವೆ.